ಅಮೆರಿಕದ ಹೊಲಗಳಲ್ಲಿ ಜರ್ಮನ್ ಯುದ್ಧಕೈದಿಗಳು: ಏಕೆ ಬಂದರು, ಹೇಗಿದ್ದರು, ಯಾವಾಗ ಮರಳಿದರು

2019ರ ಫೆಬ್ರುವರಿಯಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಪಾಕಿಸ್ತಾನದ ಸೇನೆಯ ಕೈಗೆ ಸಿಕ್ಕಾಗ ‘ಜಿನೀವಾ ಒಪ್ಪಂದ’ ಎಂಬ ಮಾತು ನಮ್ಮ ಟಿವಿ ಚರ್ಚೆಗಳಿಂದ ಹಿಡಿದು ಹೋಟೆಲಿನ ಹರಟೆಯವರೆಗೆ ಎಲ್ಲೆಡೆ ಕೇಳಿಬಂತು. ರಷ್ಯಾ ಮತ್ತು ಉಕ್ರೇನ್ ಕೈದಿಗಳನ್ನು ಅದಲುಬದಲು ಮಾಡಿಕೊಂಡ ಸುದ್ದಿ ಬಂದಾಗಲೆಲ್ಲ ಅದೇ ಮಾತು ಮತ್ತೆ ಬರುತ್ತದೆ. ಆದರೆ ಸೆರೆಸಿಕ್ಕ ಶತ್ರು ಸೈನಿಕನೊಬ್ಬನಿಗೆ ಊಟ, ಹಾಸಿಗೆ, ಸಂಬಳ ಕೊಡಬೇಕೆಂದು ಕಾಗದದ ಮೇಲೆ ಬರೆದದ್ದು ನಿಜವಾದ ಮಹಾಯುದ್ಧದ ನಡುವೆ, ಲಕ್ಷಗಟ್ಟಲೆ ಜನರ ವಿಷಯದಲ್ಲಿ, ವರ್ಷಗಟ್ಟಲೆ ಹೇಗೆ ನಡೆಯುತ್ತದೆ ಎಂಬುದು ಸುದ್ದಿಯ ಒಂದೆರಡು ಸಾಲುಗಳಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಎರಡನೇ ಮಹಾಯುದ್ಧದ ಕಾಲದ ಅಮೆರಿಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1942ರಿಂದ 1946ರವರೆಗೆ ಆ ದೇಶದ ನೆಲದ ಮೇಲೆ ಸುಮಾರು 4,25,000 ಯುದ್ಧಕೈದಿಗಳಿದ್ದರು. ಅವರಲ್ಲಿ 3,70,000ಕ್ಕೂ ಹೆಚ್ಚು ಮಂದಿ ಜರ್ಮನ್ನರು, ಸುಮಾರು 50,000 ಮಂದಿ ಇಟಲಿಯವರು, ಕೆಲವೇ ಸಾವಿರ ಮಂದಿ ಜಪಾನೀಯರು.

ಯುದ್ಧಕೈದಿ ಎಂದರೆ ಅಪರಾಧಿಯಲ್ಲ

ಮೊದಲು ಸ್ಪಷ್ಟವಾಗಬೇಕಾದದ್ದು ಇದು. ಯುದ್ಧಕೈದಿಯನ್ನು ಹಿಡಿದಿಡುವುದು ಅವನಿಗೆ ಶಿಕ್ಷೆ ಕೊಡುವುದಕ್ಕಾಗಿ ಅಲ್ಲ, ಅವನು ಮತ್ತೆ ಬಂದೂಕು ಹಿಡಿದು ಎದುರಿಗೆ ನಿಲ್ಲದಂತೆ ತಡೆಯುವುದಕ್ಕಾಗಿ. ಅವನು ತನ್ನ ದೇಶದ ಸಮವಸ್ತ್ರ ತೊಟ್ಟು ಹೋರಾಡಿದ್ದು ಅಪರಾಧವೆನಿಸುವುದಿಲ್ಲ. ಆದ್ದರಿಂದ ಅವನ ಮೇಲೆ ವಿಚಾರಣೆ ಇಲ್ಲ, ಇಂತಿಷ್ಟು ವರ್ಷವೆಂಬ ಶಿಕ್ಷೆಯೂ ಇಲ್ಲ. ಯುದ್ಧ ಮುಗಿದ ಮೇಲೆ ಅವನು ಮನೆಗೆ ಹೋಗಬೇಕು. ಇದೇ ಅವಧಿಯಲ್ಲಿ ಅಮೆರಿಕ ಸುಮಾರು 1,20,000 ಜಪಾನೀ ಮೂಲದ ಜನರನ್ನು, ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಮನೆಮಠ ಬಿಡಿಸಿ ಮುಳ್ಳುತಂತಿಯ ಒಳಗೆ ಕೂಡಿಹಾಕಿತ್ತು. ಅವರು ನಾಗರಿಕರು, ಯುದ್ಧಕೈದಿಗಳಲ್ಲ. ಎರಡೂ ಶಿಬಿರಗಳು ಫೋಟೋಗಳಲ್ಲಿ ಒಂದೇ ಥರ ಕಾಣುವುದರಿಂದ ಓದುಗರು ಇವನ್ನು ಆಗಾಗ ಬೆರೆಸಿಕೊಳ್ಳುತ್ತಾರೆ. ಕಾನೂನಿನ ಕಣ್ಣಲ್ಲಿ ಅವು ಬೇರೆಬೇರೆ. ಶತ್ರು ಸೈನಿಕನಿಗೆ ಇದ್ದ ಒಪ್ಪಂದದ ರಕ್ಷಣೆ ಸ್ವಂತ ದೇಶದ ಆ ಪ್ರಜೆಗಳಿಗೆ ಇರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಯುದ್ಧಕೈದಿಗಳ ಬಗ್ಗೆ ಆಗ ಜಾರಿಯಲ್ಲಿದ್ದದ್ದು 1929ರ ಜುಲೈ 27ರಂದು ಸಹಿಯಾದ ಜಿನೀವಾ ಒಪ್ಪಂದ. ಅದರ ಮುಖ್ಯ ಕಟ್ಟಳೆಗಳು ಸರಳವಾಗಿವೆ. ಕೈದಿ ತನ್ನ ಹೆಸರು ಮತ್ತು ದರ್ಜೆ, ಇಲ್ಲವೇ ತನ್ನ ಸೇನಾ ಸಂಖ್ಯೆ ಹೇಳಿದರೆ ಸಾಕು, ಉಳಿದದ್ದನ್ನು ಬಾಯಿ ಬಿಡಿಸಲು ಹಿಂಸಿಸಬಾರದು. ಅವನ ಊಟ ಮತ್ತು ವಸತಿ ಸೆರೆಹಿಡಿದ ದೇಶದ ನೆಲೆಶಿಬಿರಗಳ ಸೈನಿಕರಿಗೆ ಸಿಗುವ ಮಟ್ಟದಲ್ಲಿರಬೇಕು. ಸಾಮಾನ್ಯ ಸಿಪಾಯಿಯಿಂದ ಕೆಲಸ ಮಾಡಿಸಬಹುದು, ಆದರೆ ಯುದ್ಧಕ್ಕೆ ನೇರ ಸಂಬಂಧವಿರುವ ಕೆಲಸವನ್ನೂ ಅಪಾಯಕಾರಿ ಕೆಲಸವನ್ನೂ ಮಾಡಿಸಬಾರದು. ನಮ್ಮ ಸೇನೆಯ ಹವಾಲ್ದಾರ್ ಮಟ್ಟದವರಿಗೆ ಮೇಲ್ವಿಚಾರಣೆಯ ಕೆಲಸ ಮಾತ್ರ ಹೇಳಬಹುದು. ಅಧಿಕಾರಿಗಳಿಗೆ ಅವರಾಗಿ ಕೇಳದ ಹೊರತು ಯಾವ ಕೆಲಸವನ್ನೂ ಹೇಳುವಂತಿಲ್ಲ. ಇವೆಲ್ಲ ನಡೆಯುತ್ತಿವೆಯೇ ಎಂದು ನೋಡಲು ಒಂದು ತಟಸ್ಥ ದೇಶ ಇರುತ್ತದೆ. ಅಮೆರಿಕದಲ್ಲಿದ್ದ ಜರ್ಮನ್ನರ ಪರವಾಗಿ ಆ ಹೊಣೆ ಹೊತ್ತದ್ದು ಸ್ವಿಟ್ಜರ್ಲೆಂಡ್. ಅದರ ಪ್ರತಿನಿಧಿಗಳೂ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯವರೂ ಶಿಬಿರಗಳಿಗೆ ಹೋಗಿ, ಕೈದಿಗಳೊಡನೆ ಮಾತನಾಡಿ, ವರದಿ ಬರೆಯುತ್ತಿದ್ದರು.

ಅಟ್ಲಾಂಟಿಕ್ ದಾಟಿಸಿ ತಂದದ್ದು ಏಕೆ

ಯುದ್ಧ ನಡೆದದ್ದು ಯುರೋಪು ಮತ್ತು ಆಫ್ರಿಕದಲ್ಲಿ. ಕೈದಿಗಳನ್ನು ಇಟ್ಟದ್ದು ಸಾವಿರಾರು ಮೈಲಿ ಆಚೆಯ ಟೆಕ್ಸಾಸ್ ಮತ್ತು ಅಯೋವಾದಲ್ಲಿ. ಇದಕ್ಕೆ ಕಾರಣ ಬ್ರಿಟನ್ನಿನ ಇಕ್ಕಟ್ಟು. 1942ರ ಹೊತ್ತಿಗೆ ಆ ಪುಟ್ಟ ದ್ವೀಪದಲ್ಲಿ ಸ್ವಂತ ಜನರಿಗೇ ಪಡಿತರ ಸಾಲುತ್ತಿರಲಿಲ್ಲ. ಬ್ರಿಟಿಷರು ತಮ್ಮ ವಶದಲ್ಲಿದ್ದ ಕೈದಿಗಳನ್ನು ಸಾಮ್ರಾಜ್ಯದ ಉದ್ದಗಲಕ್ಕೂ ಹಂಚಿದ್ದರು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ಭಾರತಕ್ಕೆ ಬಂದದ್ದು, ಅವರಿಗಾಗಿ ಬೆಂಗಳೂರಿನಲ್ಲೂ ಶಿಬಿರಗಳು ಎದ್ದದ್ದು ಇದೇ ಕಾರಣಕ್ಕೆ. ಅಷ್ಟಾದರೂ ಜಾಗ ಸಾಲದೆ 1942ರ ಆಗಸ್ಟ್‌ನಲ್ಲಿ ಬ್ರಿಟನ್, 1,50,000 ಕೈದಿಗಳನ್ನು ನೀವು ಇಟ್ಟುಕೊಳ್ಳಿ ಎಂದು ಅಮೆರಿಕವನ್ನು ಕೇಳಿಕೊಂಡಿತು. ಅಲ್ಲಿಯವರೆಗೆ ಅಮೆರಿಕದ ವಶದಲ್ಲಿದ್ದ ಯುದ್ಧಕೈದಿಗಳು ಬೆರಳೆಣಿಕೆಯವರು. ಮೊದಲ ಕೈದಿ ಜರ್ಮನ್ನನಲ್ಲ; ಪರ್ಲ್ ಹಾರ್ಬರ್ ದಾಳಿಯಲ್ಲಿ ಪುಟಾಣಿ ಜಲಾಂತರ್ಗಾಮಿಯೊಂದನ್ನು ನಡೆಸಿ ಸಿಕ್ಕಿಬಿದ್ದ ಜಪಾನೀ ನೌಕಾಧಿಕಾರಿ ಕಜುವೊ ಸಕಮಾಕಿ.

1943ರ ಮೇ ತಿಂಗಳಲ್ಲಿ ಟ್ಯುನೀಷಿಯಾದಲ್ಲಿ ಜರ್ಮನಿ ಮತ್ತು ಇಟಲಿಯ ಪಡೆಗಳು ಒಟ್ಟಾಗಿ ಶರಣಾದಾಗ ಚಿತ್ರ ಪೂರ್ತಿ ಬದಲಾಯಿತು. ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರು ಮಿತ್ರರಾಷ್ಟ್ರಗಳ ಕೈಸೇರಿದರು. ಅಲ್ಲಿ ಶರಣಾದ ಜರ್ಮನ್ ಸೇನಾಧಿಪತಿ ಹಾನ್ಸ್ ಯೂರ್ಗೆನ್ ಫಾನ್ ಆರ್ನಿಮ್‌ನನ್ನು ಸೆರೆಹಿಡಿದದ್ದು ಬ್ರಿಟಿಷ್ ಸೇನೆಯ 4ನೇ ಭಾರತೀಯ ಡಿವಿಜನ್. ಆತ ಮುಂದೆ ಮಿಸಿಸಿಪಿ ರಾಜ್ಯದ ಕ್ಲಿಂಟನ್ ಶಿಬಿರಕ್ಕೆ ಬಂದ. ಇಷ್ಟೊಂದು ಜನರನ್ನು ಮರುಭೂಮಿಯಲ್ಲಿ ಇಟ್ಟು ಅನ್ನನೀರು ಒದಗಿಸಬೇಕೆಂದರೆ ಅದನ್ನು ಅಮೆರಿಕದಿಂದಲೇ ಹಡಗಿನಲ್ಲಿ ತರಬೇಕು. ಅತ್ತ ಸೈನಿಕರನ್ನೂ ಮದ್ದುಗುಂಡುಗಳನ್ನೂ ಹೊತ್ತು ತರುತ್ತಿದ್ದ ‘ಲಿಬರ್ಟಿ’ ಹಡಗುಗಳು ವಾಪಸು ಹೋಗುವಾಗ ಖಾಲಿಯಾಗಿರುತ್ತಿದ್ದವು. ಊಟವನ್ನು ಕೈದಿಗಳ ಬಳಿಗೆ ಸಾಗಿಸುವ ಬದಲು ಕೈದಿಗಳನ್ನೇ ಊಟವಿರುವ ಕಡೆಗೆ ಸಾಗಿಸಿದರೆ ಲಾಭ ಎಂಬ ಲೆಕ್ಕಾಚಾರ ಇಲ್ಲಿ ಕೆಲಸ ಮಾಡಿತು. ಆ ವರ್ಷದ ಬೇಸಿಗೆಯಿಂದ ತಿಂಗಳಿಗೆ ಸುಮಾರು 20,000 ಕೈದಿಗಳು ವರ್ಜೀನಿಯಾದ ನಾರ್ಫೋಕ್, ನ್ಯೂಯಾರ್ಕ್ ಮೊದಲಾದ ಬಂದರುಗಳಲ್ಲಿ ಇಳಿಯತೊಡಗಿದರು. 1944ರ ಜೂನ್‌ನಲ್ಲಿ ನಾರ್ಮಂಡಿಯ ದಾಳಿಯಾದ ಮೇಲೆ ಆ ಪ್ರವಾಹ ಇನ್ನೂ ಹೆಚ್ಚಿತು.

ಬಂದರಿನಲ್ಲಿ ಹೇನುಗಳಿಗೆ ಔಷಧಿ ಸಿಂಪಡಿಸಿ, ವೈದ್ಯಕೀಯ ತಪಾಸಣೆ ಮಾಡಿ, ಬೆರಳಚ್ಚು ತೆಗೆದುಕೊಂಡು ಕೈದಿಗಳನ್ನು ರೈಲು ಹತ್ತಿಸುತ್ತಿದ್ದರು. ಹಲವರು ಬರೆದ ನೆನಪುಗಳಲ್ಲಿ ಈ ರೈಲಿನ ಪ್ರಸ್ತಾಪ ಮತ್ತೆಮತ್ತೆ ಬರುತ್ತದೆ: ದನ ಸಾಗಿಸುವ ಬೋಗಿಯನ್ನು ನಿರೀಕ್ಷಿಸಿದ್ದವರಿಗೆ ಮೆತ್ತನೆಯ ಆಸನಗಳಿದ್ದ ಪ್ರಯಾಣಿಕರ ಬೋಗಿ ಸಿಕ್ಕಿತು. ನ್ಯೂಯಾರ್ಕ್ ಬಾಂಬು ಬಿದ್ದು ಹಾಳಾಗಿದೆ ಎಂದು ತಮ್ಮ ಸರ್ಕಾರದ ಪ್ರಚಾರವನ್ನು ನಂಬಿ ಬಂದವರು ಕಿಟಕಿಯಾಚೆ ದಿನಗಟ್ಟಲೆ ಮುಗಿಯದ ಹೊಲಗಳನ್ನೂ ರಾತ್ರಿ ದೀಪ ಉರಿಸಿಕೊಂಡೇ ಇದ್ದ ಊರುಗಳನ್ನೂ ನೋಡಿದರು. ಯುದ್ಧದ ಬಗ್ಗೆ ಅವರ ಅಂದಾಜು ಅಲುಗಾಡಲು ಯಾವ ಭಾಷಣವೂ ಬೇಕಾಗಲಿಲ್ಲವೆನಿಸುತ್ತದೆ.

ಶಿಬಿರದ ರೂಪ

ಶಿಬಿರಗಳನ್ನು ಎಲ್ಲಿ ಕಟ್ಟಬೇಕೆಂಬುದಕ್ಕೆ ಸೇನೆಗೆ ತನ್ನದೇ ಲೆಕ್ಕಗಳಿದ್ದವು. ಕರಾವಳಿ, ಕೆನಡಾ ಮತ್ತು ಮೆಕ್ಸಿಕೊ ಗಡಿ, ಯುದ್ಧಸಾಮಗ್ರಿ ಕಾರ್ಖಾನೆಗಳು ದೂರವಿರಬೇಕು. ಚಳಿಗಾಲದಲ್ಲಿ ಕಟ್ಟಡ ಬೆಚ್ಚಗಿಡುವ ಖರ್ಚು ಕಡಿಮೆಯಾಗಬೇಕು. ಕೂಲಿಗೆ ಜನ ಬೇಕಾಗಿರುವ ಹೊಲಗಳು ಹತ್ತಿರವಿರಬೇಕು. ಹೀಗಾಗಿ ದಕ್ಷಿಣ ಮತ್ತು ನೈರುತ್ಯದ ರಾಜ್ಯಗಳಿಗೆ ಮೊದಲು ಹೆಚ್ಚಿನ ಪಾಲು ಬಂತು, ಟೆಕ್ಸಾಸ್‌ಗೆ ಎಲ್ಲಕ್ಕಿಂತ ಹೆಚ್ಚು. ಕೊನೆಯ ಹೊತ್ತಿಗೆ ದೇಶದ ಬಹುತೇಕ ರಾಜ್ಯಗಳಲ್ಲಿ ಒಟ್ಟು ಸುಮಾರು 700 ಶಿಬಿರಗಳಿದ್ದವು. ಇವುಗಳ ವ್ಯವಸ್ಥೆ ನಮ್ಮ ತಾಲ್ಲೂಕು ಮತ್ತು ಹೋಬಳಿಯ ಹಾಗಿತ್ತು: ಸಾವಿರಾರು ಕೈದಿಗಳಿದ್ದ ಮುಖ್ಯ ಶಿಬಿರದಲ್ಲಿ ಆಸ್ಪತ್ರೆ, ದಫ್ತರ, ಉಗ್ರಾಣ ಎಲ್ಲವೂ ಇರುತ್ತಿದ್ದವು, ಅದರ ಅಧೀನದಲ್ಲಿ, ಕೆಲಸವಿರುವ ಊರುಗಳ ಪಕ್ಕದಲ್ಲಿ, ನೂರಿನ್ನೂರು ಜನರ ಉಪಶಿಬಿರಗಳಿದ್ದವು. ಉಪಶಿಬಿರಕ್ಕೆ ಕೆಲವೊಮ್ಮೆ ಶಾಲೆಯ ಕಟ್ಟಡ, ಜಾತ್ರೆ ಮೈದಾನ, ಇಲ್ಲವೇ ಬರೀ ಡೇರೆಗಳೇ ಸಾಕಾಗುತ್ತಿದ್ದವು.

ಮುಖ್ಯ ಶಿಬಿರದಲ್ಲಿ ಎರಡು ಸುತ್ತಿನ ಮುಳ್ಳುತಂತಿ, ಕಾವಲುಗೋಪುರ, ಡಾಂಬರು ಕಾಗದ ಹೊದಿಸಿದ ಮರದ ಉದ್ದನೆಯ ಮನೆಗಳು, ಊಟದ ಕೋಣೆ, ಕ್ಯಾಂಟೀನು, ಆಟದ ಬಯಲು. ಕೆಲಸ ಮಾಡಲಿ ಬಿಡಲಿ ಪ್ರತಿಯೊಬ್ಬ ಸಿಪಾಯಿಗೂ ದಿನಕ್ಕೆ 10 ಸೆಂಟ್ ಭತ್ಯೆ. ಅಧಿಕಾರಿಗಳಿಗೆ ದರ್ಜೆಗೆ ತಕ್ಕಂತೆ ತಿಂಗಳಿಗೆ 20ರಿಂದ 40 ಡಾಲರ್. ಕೈಗೆ ಹಣ ಕೊಡುತ್ತಿರಲಿಲ್ಲ, ಕ್ಯಾಂಟೀನಿನಲ್ಲಿ ಮಾತ್ರ ನಡೆಯುವ ಕೂಪನ್ ಕೊಡುತ್ತಿದ್ದರು. ನಿಜವಾದ ಡಾಲರ್ ಕೈಯಲ್ಲಿದ್ದರೆ ಓಡಿಹೋಗುವವನಿಗೆ ಬಸ್ಸಿನ ಚೀಟಿ ಕೊಳ್ಳುವುದು ಸುಲಭವಾಗುತ್ತದೆ ಎಂಬುದೇ ಇದರ ಹಿಂದಿನ ಕಾರಣ. ಊಟದ ವಿಷಯದಲ್ಲಿ ಮೊದಮೊದಲು ವಿಚಿತ್ರವಾದ ತಕರಾರು ಬಂತು. ಮೆಕ್ಕೆಜೋಳವನ್ನು ಜರ್ಮನ್ನರು ಹಂದಿಗೆ ಹಾಕುವ ಮೇವೆಂದು ತಿಳಿದಿದ್ದರು, ತಟ್ಟೆಗೆ ಅದೇ ಬಂದಾಗ ಅವಮಾನವೆಂದು ಭಾವಿಸಿದರು. ಮೆತ್ತನೆಯ ಬಿಳಿ ಬ್ರೆಡ್ಡು ಅವರಿಗೆ ಬ್ರೆಡ್ಡೇ ಅನಿಸಲಿಲ್ಲ. ಕೊನೆಗೆ ದಿನಸಿಯನ್ನು ಜರ್ಮನ್ ಅಡುಗೆಯವರ ಕೈಗೇ ಕೊಟ್ಟು, ಅವರ ರುಚಿಗೆ ಬೇಯಿಸಿಕೊಳ್ಳಲು ಬಿಟ್ಟದ್ದರಿಂದ ಜಗಳವೂ ನಿಂತಿತು, ಎಸೆಯುವ ಅನ್ನವೂ ಕಡಿಮೆಯಾಯಿತು.

ಬಿಡುವಿನ ವೇಳೆಗೆ ನಾಟಕ, ವಾದ್ಯಗೋಷ್ಠಿ, ಫುಟ್‌ಬಾಲ್, ಪಾಠಗಳು ಇದ್ದವು. ಕೈದಿಗಳಲ್ಲೇ ಇದ್ದ ಪ್ರಾಧ್ಯಾಪಕರು ತರಗತಿ ನಡೆಸಿದರು. ಕೆಲವು ಶಿಬಿರಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಅಂಚೆ ಶಿಕ್ಷಣಕ್ಕೂ ಸೇರಬಹುದಾಗಿತ್ತು. ಸೆರೆಯಲ್ಲಿ ಓದಿದ್ದನ್ನು ಪರೀಕ್ಷೆಗೆ ಪರಿಗಣಿಸಲು ಜರ್ಮನಿಯ ಶಿಕ್ಷಣ ಇಲಾಖೆಯೂ ಒಪ್ಪಿತ್ತು. ಅಯೋವಾದ ಆಲ್ಗೋನಾ ಶಿಬಿರದಲ್ಲಿ ಎಡ್ವರ್ಡ್ ಕೈಬ್ ಎಂಬ ಕೈದಿ ಸಂಗಡಿಗರೊಡನೆ ಸೇರಿ ಕಾಂಕ್ರೀಟು ಮತ್ತು ಗಾರೆಯಿಂದ, ಆಳಿನ ಅರ್ಧದಷ್ಟು ಎತ್ತರದ 60ಕ್ಕೂ ಹೆಚ್ಚು ಬೊಂಬೆಗಳಿರುವ ಕ್ರಿಸ್ತಜನನದ ದೃಶ್ಯವನ್ನು ರೂಪಿಸಿದ. ಆ ಊರಿನವರು ಅದನ್ನು ಇಂದಿಗೂ ಪ್ರತಿ ಡಿಸೆಂಬರ್‌ನಲ್ಲಿ ಜನರಿಗೆ ತೆರೆದಿಡುತ್ತಾರೆ.

ಕೂಲಿಯ ಲೆಕ್ಕ

ಹಳ್ಳಿಯ ಗಂಡಸರು ಸೇನೆಗೂ ಕಾರ್ಖಾನೆಗಳಿಗೂ ಹೋಗಿಬಿಟ್ಟಿದ್ದರಿಂದ 1943ರ ಹೊತ್ತಿಗೆ ಅಮೆರಿಕದ ಬೆಳೆ ಹೊಲದಲ್ಲೇ ಕೊಳೆಯುವ ಪರಿಸ್ಥಿತಿ ಬಂದಿತ್ತು. ಕೈದಿಗಳನ್ನು ಹೊರಗೆ ಬಿಡಲು ಮೊದಲು ಹಿಂಜರಿದ ಸೇನೆ ಆ ವರ್ಷದಿಂದ ಅವರನ್ನು ಕೂಲಿಗೆ ಕಳುಹಿಸತೊಡಗಿತು. ಟೆಕ್ಸಾಸ್ ಮತ್ತು ಮಿಸಿಸಿಪಿಯಲ್ಲಿ ಹತ್ತಿ ಬಿಡಿಸುವುದು, ಲೂಸಿಯಾನದಲ್ಲಿ ಕಬ್ಬು ಕಡಿಯುವುದು, ಜಾರ್ಜಿಯಾ ಮತ್ತು ಅಲಬಾಮದಲ್ಲಿ ಶೇಂಗಾ ಕೀಳುವುದು, ಮೇಯ್ನ್ ಮತ್ತು ಮಿನೆಸೋಟದ ಕಾಡುಗಳಲ್ಲಿ ಕಾಗದದ ಕಾರ್ಖಾನೆಗೆ ಮರ ಕಡಿಯುವುದು, ತರಕಾರಿಯನ್ನು ಡಬ್ಬಿಗೆ ತುಂಬುವುದು ಅವರ ಪಾಲಿಗೆ ಬಂದವು.

ಪಾವತಿಯ ಕ್ರಮ ಹೀಗಿತ್ತು. ರೈತನೊಬ್ಬ ತನಗೆ ಸ್ಥಳೀಯ ಕೂಲಿಗಳು ಸಿಗುತ್ತಿಲ್ಲವೆಂದು ದೃಢಪಡಿಸಬೇಕು. ಆ ಪ್ರದೇಶದಲ್ಲಿ ನಡೆಯುತ್ತಿರುವ ಕೂಲಿ ದರವನ್ನು ಅವನು ಸರ್ಕಾರದ ಖಜಾನೆಗೆ ಕಟ್ಟಬೇಕು. ಕೈದಿಗಳು ಅಗ್ಗವಾಗಿ ಸಿಕ್ಕರೆ ಸ್ಥಳೀಯರ ಕೂಲಿ ಬಿದ್ದುಹೋಗುತ್ತದೆ ಎಂಬ ಕಾರಣಕ್ಕೆ ದರದಲ್ಲಿ ರಿಯಾಯಿತಿ ಇರಲಿಲ್ಲ. ಸರ್ಕಾರ ಅದರಲ್ಲಿ ದಿನಕ್ಕೆ 80 ಸೆಂಟ್‌ನಷ್ಟನ್ನು ಕೂಪನ್ ರೂಪದಲ್ಲಿ ಕೈದಿಗೆ ಕೊಟ್ಟು, ಉಳಿದದ್ದನ್ನು ಶಿಬಿರಗಳ ಖರ್ಚಿಗೆಂದು ಇಟ್ಟುಕೊಳ್ಳುತ್ತಿತ್ತು. 80 ಸೆಂಟ್ ಎಂಬ ಅಂಕಿ ಎಲ್ಲಿಂದ ಬಂತು? ಯುದ್ಧಕ್ಕೆ ಇಳಿಯುವ ಮುನ್ನ ಅಮೆರಿಕದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 21 ಡಾಲರ್ ಸಂಬಳವಿತ್ತು. ಆ ಸಂಬಳವೇ ಇದಕ್ಕೆ ಆಧಾರ. ಕೆಲಸಕ್ಕೆ ಮೊಂಡುಹಿಡಿದು ಕುಳಿತವರಿಗೆ ಬ್ರೆಡ್ಡು ಮತ್ತು ನೀರು ಮಾತ್ರ ಕೊಡುವ ಕ್ರಮವೂ ಜಾರಿಯಲ್ಲಿತ್ತು. ಒಪ್ಪಂದದ ಅಕ್ಷರ ಮೀರದೆ ಒತ್ತಡ ಹೇರುವ ದಾರಿ ಅದು.

ಯುದ್ಧಕ್ಕೆ ನೇರ ಸಂಬಂಧವಿಲ್ಲದ ಕೆಲಸ ಎಂಬ ಕಟ್ಟಳೆ ಎಷ್ಟು ದೂರ ಹಿಗ್ಗುತ್ತದೆ ಎಂಬುದಕ್ಕೆ ಕ್ಲಿಂಟನ್ ಶಿಬಿರದ ಉದಾಹರಣೆಯನ್ನು ಸ್ವಲ್ಪ ನಿಂತು ನೋಡಬಹುದು. 1927ರ ಮಹಾಪ್ರವಾಹದ ನಂತರ ಅಮೆರಿಕದ ಸೇನೆಯ ಎಂಜಿನಿಯರುಗಳು ಮಿಸಿಸಿಪಿ ನದಿಯನ್ನು ಹತೋಟಿಗೆ ತರುವ ದಾರಿ ಹುಡುಕುತ್ತಿದ್ದರು. ಇಡೀ ನದೀಕೊಳ್ಳವನ್ನು, ಅದರ ಉಪನದಿಗಳೊಡನೆ, ಸುಮಾರು 200 ಎಕರೆ ಜಾಗದಲ್ಲಿ ಚಿಕ್ಕದಾಗಿ ಕಟ್ಟಿ, ನೀರು ಹರಿಸಿ ನೋಡುವುದು ಅವರ ಯೋಜನೆ. ಉದ್ದಗಲದಲ್ಲಿ 2,000 ಅಡಿಗೆ 1 ಅಡಿ, ಎತ್ತರದಲ್ಲಿ 100 ಅಡಿಗೆ 1 ಅಡಿ ಎಂಬ ಪ್ರಮಾಣ. ಕಾಡು ಕಡಿದು, ನೆಲ ಅಗೆದು, ಕಾಲುವೆ ತೋಡುವ ಈ ಕೆಲಸಕ್ಕೆ 1943ರಿಂದ ಬಂದವರು ಆಫ್ರಿಕದ ಮರಳಿನಲ್ಲಿ ಟ್ಯಾಂಕು ಓಡಿಸಿದ್ದ ಜರ್ಮನ್ ಕೈದಿಗಳು. ನೆರೆ ತಡೆಯುವುದು ಯುದ್ಧದ ಕೆಲಸವಲ್ಲವಾದ್ದರಿಂದ ಒಪ್ಪಂದಕ್ಕೆ ಧಕ್ಕೆಯಿಲ್ಲ. ಅವರು ಆರಂಭಿಸಿದ ಈ ಮಾದರಿಯನ್ನು ಬಳಸಿ ಎಂಜಿನಿಯರುಗಳು 1952ರಲ್ಲಿ ಮಿಸೌರಿ ನದಿಯ ನೆರೆಯನ್ನು ಮುಂದಾಗಿ ಅಂದಾಜು ಮಾಡಿದರು.

ಚೆನ್ನಾಗಿ ನೋಡಿಕೊಂಡದ್ದಕ್ಕೆ ಕಾರಣ

ಇದನ್ನೆಲ್ಲ ಬರೀ ಔದಾರ್ಯವೆಂದು ತಿಳಿದರೆ ವಿಷಯ ಅರ್ಧ ಮಾತ್ರ ಅರ್ಥವಾದಂತೆ. ಜರ್ಮನಿಯ ವಶದಲ್ಲಿ 90,000ಕ್ಕೂ ಹೆಚ್ಚು ಅಮೆರಿಕದ ಸೈನಿಕರಿದ್ದರು. ಟೆಕ್ಸಾಸ್‌ನ ಜರ್ಮನ್ನನ ತಟ್ಟೆಯಲ್ಲಿ ಏನು ಬೀಳುತ್ತದೆ ಎಂಬುದನ್ನು ಸ್ವಿಸ್ ಪ್ರತಿನಿಧಿ ಬರೆದು ಬರ್ಲಿನ್‌ಗೆ ಕಳುಹಿಸುತ್ತಿದ್ದ. ಜರ್ಮನಿಯ ಶಿಬಿರದಲ್ಲಿ ಅಮೆರಿಕದವನಿಗೆ ಏನು ಸಿಗುತ್ತದೆ ಎಂಬ ವರದಿ ವಾಷಿಂಗ್ಟನ್‌ಗೆ ಬರುತ್ತಿತ್ತು. ಇವರನ್ನು ಹಿಂಸಿಸಿದರೆ ಅಲ್ಲಿ ನಮ್ಮವರಿಗೆ ಅದೇ ಗತಿ ಎಂಬ ಪರಸ್ಪರ ಭಯವೇ ಒಪ್ಪಂದವನ್ನು ಜೀವಂತವಾಗಿಟ್ಟಿತು. ಈ ಭಯ ಇಲ್ಲದ ಕಡೆ ಏನಾಗುತ್ತದೆ ಎಂಬುದೂ ಅದೇ ಯುದ್ಧದಲ್ಲಿ ಕಂಡಿತು. ಸೋವಿಯತ್ ಒಕ್ಕೂಟ 1929ರ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲವೆಂಬುದನ್ನು ನೆಪ ಮಾಡಿಕೊಂಡು, ನಿಜದಲ್ಲಿ ಜನಾಂಗದ್ವೇಷದಿಂದ, ಜರ್ಮನಿ ತನ್ನ ವಶದಲ್ಲಿದ್ದ ಸುಮಾರು 57 ಲಕ್ಷ ಸೋವಿಯತ್ ಕೈದಿಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಹಸಿವು, ಚಳಿ, ಗುಂಡೇಟಿಗೆ ಸಾಯುವಂತೆ ಮಾಡಿತು.

ಶರಣಾಗತಿಯ ಲೆಕ್ಕವೂ ಒಂದಿತ್ತು. ಅಮೆರಿಕದವರ ಕೈಗೆ ಸಿಕ್ಕರೆ ಜೀವಕ್ಕೆ ಭಯವಿಲ್ಲ ಎಂಬ ಮಾತು ಜರ್ಮನ್ ಸೈನಿಕರ ನಡುವೆ ಹರಡಿದಷ್ಟೂ ಬಂದೂಕು ಕೆಳಗಿಡುವವರ ಸಂಖ್ಯೆ ಹೆಚ್ಚುತ್ತದೆ ಎಂದು ಸೇನೆ ನಂಬಿತ್ತು.

ಬೇಲಿಯ ಒಳಗೆ ಇನ್ನೊಂದು ಆಡಳಿತ

ಜರ್ಮನ್ ಭಾಷೆ ಬಲ್ಲ ಅಧಿಕಾರಿಗಳು ಅಮೆರಿಕದ ಸೇನೆಯಲ್ಲಿ ತೀರ ಕಡಿಮೆಯಿದ್ದರು. ಇದ್ದವರನ್ನು ವಿಚಾರಣಾ ಕೇಂದ್ರಗಳೂ ಯುದ್ಧರಂಗವೂ ಸೆಳೆದುಕೊಂಡಿದ್ದವು. ಹೀಗಾಗಿ ಶಿಬಿರದ ಒಳಗಿನ ಶಿಸ್ತನ್ನು ಜರ್ಮನ್ ಹಿರಿಯ ದರ್ಜೆಯವರಿಗೇ ಬಿಡುವುದು ಅನುಕೂಲವೆನಿಸಿತು. ಸಾಲಾಗಿ ನಿಲ್ಲುವುದು, ಚೊಕ್ಕಟ, ಹಾಜರಿ ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತಿದ್ದುದರಿಂದ ಅಮೆರಿಕದ ಅಧಿಕಾರಿಗಳು ಸಂತೋಷಪಟ್ಟರು. ಆ ಅಚ್ಚುಕಟ್ಟಿನ ಹಿಂದೆ ಹಲವು ಕಡೆ ಕಟ್ಟಾ ನಾಜಿಗಳ ಹಿಡಿತವಿತ್ತು. ಹಿಟ್ಲರ್ ಸೋಲುತ್ತಾನೆ ಎಂದವನು, ಅಮೆರಿಕದ ಪತ್ರಿಕೆ ಓದಿದವನು, ಕಾವಲುಗಾರರೊಡನೆ ಸಲಿಗೆಯಿಂದ ಮಾತನಾಡಿದವನು ರಾತ್ರಿ ಹೊಡೆತ ತಿನ್ನುತ್ತಿದ್ದ. ಟೆಕ್ಸಾಸ್‌ನ ಹರ್ನ್ ಶಿಬಿರದಲ್ಲಿ ದೇಶದ ಎಲ್ಲ ಜರ್ಮನ್ ಕೈದಿಗಳ ಅಂಚೆ ವಿಂಗಡಿಸುವ ಕೇಂದ್ರವನ್ನು ಕೈದಿಗಳ ಕೈಗೇ ಕೊಟ್ಟಿದ್ದರು. ಅದರ ಮೂಲಕ ಒಂದು ಶಿಬಿರದ ನಾಜಿಗಳು ಇನ್ನೊಂದು ಶಿಬಿರಕ್ಕೆ ಗುಟ್ಟಿನ ಸಂದೇಶ ಕಳುಹಿಸಲು ಸಾಧ್ಯವಾಯಿತು. ಆಡಳಿತದ ಸೋಮಾರಿತನಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಒಕ್ಲಹೋಮಾದ ಟೊಂಕಾವಾ ಶಿಬಿರದಲ್ಲಿ 1943ರ ನವೆಂಬರ್ 4ರ ರಾತ್ರಿ ಯೊಹಾನೆಸ್ ಕುಂಟ್ಸೆ ಎಂಬ ಸಿಪಾಯಿಯನ್ನು ಅವನ ಜೊತೆಗಾರರೇ ಊಟದ ಕೋಣೆಯಲ್ಲಿ ಸೇರಿಸಿ, ದ್ರೋಹದ ಆರೋಪ ಹೊರಿಸಿ, ಹಾಲಿನ ಬಾಟಲಿ ಮತ್ತು ಮರದ ತುಂಡುಗಳಿಂದ ಹೊಡೆದು ಕೊಂದರು. ಅವನು ಅಮೆರಿಕದವರಿಗೆ ಬರೆದ ಮಾಹಿತಿಯ ಚೀಟಿಯೊಂದು ಅವರ ಕೈಗೆ ಸಿಕ್ಕಿತ್ತು. ಐವರಿಗೆ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಆದರೆ ಅದು ಜಾರಿಯಾದದ್ದು 1945ರ ಜುಲೈ 10ರಂದು, ಜರ್ಮನಿ ಶರಣಾದ ಎರಡು ತಿಂಗಳ ಮೇಲೆ. ಯುದ್ಧ ನಡೆಯುತ್ತಿರುವಾಗ ಗಲ್ಲಿಗೇರಿಸಿದ್ದರೆ ಜರ್ಮನಿ ತನ್ನಲ್ಲಿದ್ದ ಅಮೆರಿಕದ ಕೈದಿಗಳ ಮೇಲೆ ಸೇಡು ತೀರಿಸಿಕೊಳ್ಳುವ ಅಪಾಯವಿತ್ತು. ಮೇಲೆ ಹೇಳಿದ ಪರಸ್ಪರ ಭಯ ಇಲ್ಲೂ ಕೆಲಸ ಮಾಡುತ್ತಿತ್ತು. ಇಂಥ ಕೊಲೆಗಳಿಗಾಗಿ ಅಮೆರಿಕ ಒಟ್ಟು 14 ಜರ್ಮನ್ ಕೈದಿಗಳನ್ನು ಗಲ್ಲಿಗೇರಿಸಿತು. ತಡವಾಗಿಯಾದರೂ ಕಟ್ಟಾ ನಾಜಿಗಳನ್ನು ಬೇರ್ಪಡಿಸಿ ಒಕ್ಲಹೋಮಾದ ಆಲ್ವಾ ಶಿಬಿರಕ್ಕೆ ಕಳುಹಿಸಲಾಯಿತು. ನಾಜಿ ವಿರೋಧಿಗಳಿಗೆ ಬೇರೆ ಶಿಬಿರಗಳಾದವು.

ಓಡಿಹೋದವರು

ಓಡಿಹೋಗಲು ಯತ್ನಿಸುವುದು ಯುದ್ಧಕೈದಿಯ ಅಪರಾಧವಲ್ಲ. ಸಿಕ್ಕಿಬಿದ್ದರೆ ಶಿಸ್ತಿನ ಕ್ರಮವಷ್ಟೇ, ಹೆಚ್ಚೆಂದರೆ 30 ದಿನಗಳ ಏಕಾಂತ. ಆದರೂ ಓಡಿಹೋದವರು ಒಟ್ಟು ಕೈದಿಗಳಲ್ಲಿ ಶೇ. 1ಕ್ಕಿಂತ ಕಡಿಮೆ. ಹೋಗುವುದಾದರೂ ಎಲ್ಲಿಗೆ? ಮಧ್ಯೆ ಮಹಾಸಾಗರವಿತ್ತು.

ಅರಿಜೋನಾದ ಪಾಪಾಗೊ ಪಾರ್ಕ್ ಶಿಬಿರದ ನೌಕಾಪಡೆಯ ಕೈದಿಗಳು ಇದಕ್ಕೂ ಒಂದು ಉತ್ತರ ಹುಡುಕಿದರು. ಚೆಂಡಾಟದ ಬಯಲು ಮಾಡಿಕೊಳ್ಳುತ್ತೇವೆಂದು ಅನುಮತಿ ಕೇಳಿ, ಸುರಂಗದಿಂದ ತೆಗೆದ ಮಣ್ಣನ್ನು ಆ ಬಯಲಿನ ಮೇಲೆ ಹರಡುತ್ತ ಬಂದರು. ಮಟ್ಟ ಮಾಡಲು ಬೇಕಾದ ಸಲಕರಣೆ ಒದಗಿಸಿದ್ದು ಶಿಬಿರದ ಆಡಳಿತವೇ. 1944ರ ಡಿಸೆಂಬರ್ 23ರ ರಾತ್ರಿ 178 ಅಡಿ ಉದ್ದದ ಸುರಂಗದಲ್ಲಿ ತೆವಳಿ 25 ಮಂದಿ ಹೊರಬಿದ್ದರು. ಅವರಲ್ಲಿ ಮೂವರು ಬಿಡಿಭಾಗಗಳಾಗಿ ಬಿಚ್ಚಬಹುದಾದ ದೋಣಿಯೊಂದನ್ನು ಮಾಡಿಕೊಂಡಿದ್ದರು. ನಕಾಶೆಯಲ್ಲಿ ಸಾಲ್ಟ್ ನದಿ ನೀಲಿ ಗೆರೆಯಾಗಿ ಕಂಡಿತ್ತು. ಅದರಲ್ಲಿ ತೇಲಿಕೊಂಡು ಹೋದರೆ ಹಿಲಾ ನದಿ, ಅಲ್ಲಿಂದ ಕೊಲೊರಾಡೊ, ಅಲ್ಲಿಂದ ಮೆಕ್ಸಿಕೊ ಎಂಬುದು ಅವರ ಯೋಜನೆ. ನದಿಯ ಬಳಿಗೆ ಬಂದು ನೋಡಿದರೆ ನೀರೇ ಇಲ್ಲ, ಬರೀ ಕೆಸರು. ಒಂದೊಂದಾಗಿ ಎಲ್ಲರೂ ಸಿಕ್ಕಿಬಿದ್ದರು. ಕೊನೆಯವನಾಗಿ ಜಲಾಂತರ್ಗಾಮಿಯ ನಾಯಕ ಯೂರ್ಗೆನ್ ವಾಟೆನ್‌ಬರ್ಗ್ 1945ರ ಜನವರಿ 28ರಂದು ಸಿಕ್ಕಿದ. ಎಲ್ಲರಿಗಿಂತ ಹೆಚ್ಚು ಕಾಲ ತಪ್ಪಿಸಿಕೊಂಡವನು ಗಿಯೋರ್ಗ್ ಗೆರ್ಟ್‌ನರ್. 1945ರಲ್ಲಿ ನ್ಯೂ ಮೆಕ್ಸಿಕೊದ ಡೆಮಿಂಗ್ ಶಿಬಿರದಿಂದ ಓಡಿಹೋಗಿ, ಬೇರೆ ಹೆಸರಿನಲ್ಲಿ ಅಮೆರಿಕದಲ್ಲೇ ಬದುಕಿ, 1985ರಲ್ಲಿ ತಾನಾಗಿ ಬಂದು ಶರಣಾದ.

ಬೇಲಿಯ ಹೊರಗಿನ ಇನ್ನೊಂದು ಬೇಲಿ

ದಕ್ಷಿಣದ ರಾಜ್ಯಗಳಲ್ಲಿ ಆಗ ವರ್ಣಭೇದದ ಕಾನೂನುಗಳಿದ್ದವು. ಕಪ್ಪು ಜನರಿಗೆ ಹೋಟೆಲು, ರೈಲು, ಶಾಲೆ ಎಲ್ಲವೂ ಬೇರೆ. 1944ರ ಏಪ್ರಿಲ್‌ನಲ್ಲಿ ಸೇನೆಯ ವಾರಪತ್ರಿಕೆ ‘ಯಾಂಕ್’ನಲ್ಲಿ ಕಾರ್ಪೊರಲ್ ರೂಪರ್ಟ್ ಟ್ರಿಮಿಂಗ್‌ಹ್ಯಾಮ್ ಎಂಬ ಕಪ್ಪು ಸೈನಿಕನ ಪತ್ರವೊಂದು ಅಚ್ಚಾಯಿತು. ಅವನೂ ಎಂಟು ಮಂದಿ ಜೊತೆಗಾರರೂ ಲೂಸಿಯಾನದಲ್ಲಿ ರೈಲಿಗಾಗಿ ಕಾಯುತ್ತಿದ್ದಾಗ ಊರಿನ ಯಾವ ಹೋಟೆಲಿನಲ್ಲೂ ಒಂದು ಲೋಟ ಕಾಫಿ ಸಿಗಲಿಲ್ಲ. ನಿಲ್ದಾಣದ ಊಟದ ಮನೆಯಲ್ಲಿ ಕೊಡಲು ಒಪ್ಪಿದರು, ಆದರೆ ಹಿಂದಿನ ಅಡುಗೆಕೋಣೆಗೆ ಹೋಗಿ ತಿನ್ನಬೇಕೆಂದರು. ಅಷ್ಟರಲ್ಲಿ ಇಬ್ಬರು ಕಾವಲುಗಾರರೊಡನೆ ಸುಮಾರು ಎರಡು ಡಜನ್ ಜರ್ಮನ್ ಕೈದಿಗಳು ಬಂದು, ಮುಂದಿನ ಮೇಜುಗಳಲ್ಲಿ ಕುಳಿತು, ಊಟ ಬಡಿಸಿಕೊಂಡು, ಮಾತನಾಡುತ್ತ ಸಿಗರೇಟು ಸೇದಿದರು. ಈ ದೇಶದ ಶತ್ರುಗಳನ್ನು ನಮಗಿಂತ ಚೆನ್ನಾಗಿ ನಡೆಸಿಕೊಳ್ಳುವುದು ಏಕೆ ಎಂಬುದು ಅವನ ಪ್ರಶ್ನೆಯ ತಿರುಳು. ತನಗೆ ಬಂದ 287 ಪತ್ರಗಳಲ್ಲಿ 183 ಬಿಳಿಯ ಸೈನಿಕರು ಮತ್ತು ಮಹಿಳಾ ಸಿಬ್ಬಂದಿಯವು ಎಂದು ಅವನು ಜುಲೈನಲ್ಲಿ ಮತ್ತೊಂದು ಪತ್ರದಲ್ಲಿ ತಿಳಿಸಿದ. ಒಪ್ಪಂದ ಜರ್ಮನ್ನನಿಗೆ ಕೊಟ್ಟದ್ದನ್ನು ಆ ದೇಶದ ಕಾನೂನು ತನ್ನದೇ ಸೈನಿಕನಿಗೆ ಕೊಡಲಿಲ್ಲ.

ಗುಟ್ಟಿನ ಪಾಠಗಳು

ಕೈದಿಗಳ ಮನಸ್ಸಿನಿಂದ ನಾಜಿ ವಿಚಾರವನ್ನು ತೆಗೆಯಬೇಕೆಂಬ ಯೋಜನೆ 1944ರಲ್ಲಿ ಆರಂಭವಾಯಿತು, ಜರ್ಮನಿ ಶರಣಾಗುವವರೆಗೆ ಗುಟ್ಟಾಗಿಯೇ ಇತ್ತು. ಬಹಿರಂಗವಾದರೆ ಜರ್ಮನಿಯೂ ತನ್ನಲ್ಲಿರುವ ಅಮೆರಿಕದವರಿಗೆ ಅದನ್ನೇ ಮಾಡುತ್ತದೆಂಬ ಅಳುಕಿತ್ತು. ಕೈದಿಗಳ ಬೌದ್ಧಿಕ ಚಟುವಟಿಕೆಗೆ ಪ್ರೋತ್ಸಾಹ ಕೊಡಬೇಕೆಂದು ಒಪ್ಪಂದದಲ್ಲಿದ್ದ ಸಾಲನ್ನೇ ಇದಕ್ಕೆ ಆಸರೆ ಮಾಡಿಕೊಂಡರು. ಜರ್ಮನಿಯಲ್ಲಿ ನಿಷೇಧವಾಗಿದ್ದ ಲೇಖಕರ ಪುಸ್ತಕಗಳನ್ನು ಅಗ್ಗದ ಬೆಲೆಗೆ ಅಚ್ಚುಮಾಡಿ ಕ್ಯಾಂಟೀನಿನಲ್ಲಿಟ್ಟರು. 1945ರ ಮಾರ್ಚ್‌ನಲ್ಲಿ ಕೈದಿಗಳೇ ಸಂಪಾದಿಸಿದ ‘ಡೇರ್ ರೂಫ್’ ಎಂಬ ಪತ್ರಿಕೆ ಹೊರಬಂತು. ಅದರಲ್ಲಿ ಕೆಲಸ ಮಾಡಿದ ಆಲ್ಫ್ರೆಡ್ ಆಂಡರ್ಶ್ ಮತ್ತು ಹಾನ್ಸ್ ವೆರ್ನರ್ ರಿಕ್ಟರ್ ಯುದ್ಧಾನಂತರದ ಜರ್ಮನ್ ಸಾಹಿತ್ಯದಲ್ಲಿ ದೊಡ್ಡ ಹೆಸರು ಮಾಡಿದರು. ಪಾಠಗಳಿಂದ ಎಷ್ಟು ಮಂದಿ ಬದಲಾದರು ಎಂಬುದನ್ನು ಅಳೆಯುವುದು ಕಷ್ಟ. ಹೊಲದ ಯಜಮಾನನ ಮನೆಯವರ ಜೊತೆ ಕುಳಿತು ಉಂಡ ಊಟ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿರಬಹುದೆಂದು ನನಗೆ ತೋರುತ್ತದೆ.

ಯುದ್ಧ ಮುಗಿದ ಮೇಲೆ

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಗಿ ಅಲ್ಲಿದ್ದ ಅಮೆರಿಕದ ಕೈದಿಗಳೆಲ್ಲ ಬಿಡುಗಡೆಯಾದರು. ಪರಸ್ಪರ ಭಯದ ಒಂದು ತುದಿ ಕಳಚಿತು. ಯಾತನಾಶಿಬಿರಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದು ಜನರ ಸಿಟ್ಟು ಏರಿತು, ಆಹಾರದ ಅಭಾವವೂ ಇತ್ತು. ಅಮೆರಿಕದ ಶಿಬಿರಗಳಲ್ಲಿ ಮಾಂಸ ಕಡಿಮೆಯಾಯಿತು, ಕ್ಯಾಂಟೀನು ಬರಿದಾಯಿತು, ಯಾತನಾಶಿಬಿರಗಳ ದೃಶ್ಯಗಳನ್ನು ಕೈದಿಗಳಿಗೆ ಕಡ್ಡಾಯವಾಗಿ ತೋರಿಸಲಾಯಿತು. ಜುಲೈ 8ರಂದು ಯೂಟಾದ ಸಲೈನಾ ಎಂಬಲ್ಲಿ ಕಾವಲುಗಾರನೊಬ್ಬ ಗೋಪುರದ ಮೆಷಿನ್‌ಗನ್ನನ್ನು ಡೇರೆಗಳಲ್ಲಿ ಮಲಗಿದ್ದ ಕೈದಿಗಳತ್ತ ತಿರುಗಿಸಿದ. ಒಂಬತ್ತು ಮಂದಿ ಸತ್ತರು.

ಶಾಂತಿ ಒಪ್ಪಂದವಾದ ಮೇಲೆ ಆದಷ್ಟು ಬೇಗ ಕೈದಿಗಳನ್ನು ಮನೆಗೆ ಕಳುಹಿಸಬೇಕೆಂದು 1929ರ ಕಟ್ಟಳೆ ಹೇಳುತ್ತಿತ್ತು. ಆದರೆ ಸಹಿ ಹಾಕಲು ಜರ್ಮನಿಯಲ್ಲಿ ಸರ್ಕಾರವೇ ಉಳಿದಿರಲಿಲ್ಲ. ಶಾಂತಿ ಒಪ್ಪಂದವಿಲ್ಲದೆ ಬಿಡುಗಡೆಯ ಗಡುವೂ ಇಲ್ಲ. ಅಮೆರಿಕದ ರೈತರು ಇನ್ನೊಂದು ಸುಗ್ಗಿಗೆ ಕೈದಿಗಳು ಬೇಕೆಂದರು, ಕಾರ್ಮಿಕ ಸಂಘಗಳು ಬೇಗ ಕಳುಹಿಸಿ ಎಂದವು. 1946ರ ಜುಲೈನಲ್ಲಿ ಕೊನೆಯ ದೊಡ್ಡ ತಂಡ ನ್ಯೂಯಾರ್ಕ್‌ನಿಂದ ಹಡಗು ಹತ್ತಿತು. ಮನೆಗೆ ಹೋಗುತ್ತೇವೆಂದು ಹತ್ತಿದ ಬಹಳ ಮಂದಿಯನ್ನು ಬ್ರಿಟನ್ ಮತ್ತು ಫ್ರಾನ್ಸ್‌ಗೆ ಒಪ್ಪಿಸಲಾಯಿತು, ಅಲ್ಲಿ ಅವರು ಇನ್ನೂ ವರ್ಷಗಟ್ಟಲೆ ಗಣಿಯಲ್ಲಿ, ಹೊಲದಲ್ಲಿ ದುಡಿದರು. ಫ್ರಾನ್ಸ್‌ನಲ್ಲಿ ಕೈದಿಗಳು ಹಸಿವಿನಿಂದ ಬಳಲುತ್ತಿದ್ದಾರೆಂದು ರೆಡ್ ಕ್ರಾಸ್ ಎಚ್ಚರಿಸಿದಾಗ 1945ರ ಶರತ್ಕಾಲದಲ್ಲಿ ಅಮೆರಿಕ ಆ ಹಸ್ತಾಂತರವನ್ನು ಕೆಲಕಾಲ ನಿಲ್ಲಿಸಬೇಕಾಯಿತು.

1949ರಲ್ಲಿ ಹೊಸ ಜಿನೀವಾ ಒಪ್ಪಂದಗಳನ್ನು ಬರೆಯುವಾಗ ಈ ಎರಡೂ ಬಿರುಕುಗಳನ್ನು ಮುಚ್ಚಲಾಯಿತು. ಯುದ್ಧಕೈದಿಗಳಿಗೆ ಸಂಬಂಧಿಸಿದ ಮೂರನೇ ಒಪ್ಪಂದದ 118ನೇ ವಿಧಿಯ ಪ್ರಕಾರ ಶಾಂತಿ ಒಪ್ಪಂದಕ್ಕಾಗಿ ಕಾಯುವಂತಿಲ್ಲ. ಕದನ ನಿಂತ ಕೂಡಲೇ, ವಿಳಂಬವಿಲ್ಲದೆ ಕೈದಿಗಳನ್ನು ಬಿಡಬೇಕು. 12ನೇ ವಿಧಿಯ ಪ್ರಕಾರ ಕೈದಿಗಳನ್ನು ಬೇರೆ ದೇಶಕ್ಕೆ ಒಪ್ಪಿಸಿದ ಮಾತ್ರಕ್ಕೆ ಮೊದಲ ದೇಶದ ಹೊಣೆ ತೀರುವುದಿಲ್ಲ. ಅಲ್ಲಿ ಅವರನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಅದನ್ನು ಸರಿಪಡಿಸುವಂತೆ ಮಾಡಬೇಕು, ಇಲ್ಲವೇ ಕೈದಿಗಳನ್ನು ವಾಪಸು ಕೇಳಬೇಕು. ಭಾರತ, ಪಾಕಿಸ್ತಾನ, ರಷ್ಯಾ, ಉಕ್ರೇನ್ ಎಲ್ಲವೂ ಸದಸ್ಯರಾಗಿರುವುದು ಈ 1949ರ ಒಪ್ಪಂದಕ್ಕೆ.